ಕಾಲನಿ ಎಂಬ ತವರು

ಶ್ರಾವಣ ಹುಟ್ಟಿತೆಂದರೆ ಬೈಲಹೊಂಗಲದ ನಮ್ಮ ಓಣಿಯಲ್ಲಿ ಹೆಂಗಸರೇ ಬದಲಾಗಿಬಿಡುತ್ತಿದ್ದರು. ನಾಗರ ಪಂಚಮಿ ಇನ್ನೇನು ಬಂತು ಎನ್ನುವಾಗ ಸೊಸೆಯಂದಿರ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಬಂದು, ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಅಕ್ಕನನ್ನೋ ತಂಗಿಯನ್ನೋ ಕರೆದುಕೊಂಡು ಬಸ್‌ಸ್ಟ್ಯಾಂಡಿನ ಹಾದಿ ಹಿಡಿಯುತ್ತಿದ್ದರು. ಅವರು ಹತ್ತಿದ ಬಸ್ಸಿನಿಂದಲೇ ಇಳಿದು ಆ ಮನೆಗಳ ಹೆಣ್ಣುಮಕ್ಕಳು ಬರುತ್ತಿದ್ದರು. ವರ್ಷವಿಡೀ ತಲೆಯ ಮೇಲೆ ಸೆರಗು ಹೊದ್ದು ಸದ್ದಿಲ್ಲದೆ ನೀರು ಸೇದುತ್ತಿದ್ದವರು ಹೋಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಓಣಿಯ ಆ ತುದಿಯಿಂದ ಈ ತುದಿಗೆ ಕೂಗಿ ಮಾತಾಡುವವರು ಬರುತ್ತಿದ್ದರು. ಬೇವಿನ ಮರಕ್ಕೆ ಹಗ್ಗ ಬೀಳುತ್ತಿತ್ತು, ಜೋಕಾಲಿ ಏಳುತ್ತಿತ್ತು. ಇದ್ದಲ್ಲಿ ಸೊಸೆ, ಹೋದಲ್ಲಿ ಮಗಳು. ಪಂಚಮಿ ಎಂದರೆ ಈ ಎರಡರ ನಡುವೆ ಓಡಾಡುವ ಬಸ್ಸು ಎಂದು ನನ್ನ ಮಾವನವರು ಹೇಳುತ್ತಿದ್ದರು.

ಎಪ್ಪತ್ತರ ದಶಕದ ಆ ಒಂದು ವರ್ಷ ಓಣಿಯಲ್ಲಿ ಉಳಿದ ಸೊಸೆ ನಾನೊಬ್ಬಳೇ.

ನನ್ನ ತವರು ಮಲಪ್ರಭೆಯ ದಂಡೆಯ ಮೇಲಿತ್ತು, ನವಿಲುತೀರ್ಥದಿಂದ ಮೇಲಕ್ಕೆ. ಅಲ್ಲಿ ಎರಡು ಗುಡ್ಡಗಳ ನಡುವೆ ಆಣೆಕಟ್ಟು ಎದ್ದಿತು, ಹೊಳೆ ನಿಂತಿತು, ನಿಂತ ನೀರು ಹಿಂದಕ್ಕೆ ಸರಿಯುತ್ತ ನಮ್ಮ ಊರನ್ನು ಮುಟ್ಟಿತು. ನನ್ನ ಮದುವೆಯಾದ ಮೊದಲ ಪಂಚಮಿಗೆ ಅಣ್ಣ ಬಂದು ಕರೆದೊಯ್ದಿದ್ದ. ಆಗ ಊರಲ್ಲಿ ಎಲ್ಲರ ಬಾಯಲ್ಲೂ ನೀರಿನದೇ ಮಾತು, ಆದರೆ ಜೋಕಾಲಿ ಮಾತ್ರ ಎಂದಿನಷ್ಟೇ ಎತ್ತರ. ಎರಡನೆಯ ಪಂಚಮಿಗೆ ಯಾರೂ ಬರಲಿಲ್ಲ. ಮನೆಯ ಬಾಗಿಲು, ತೊಲೆ, ಜಂತಿಗಳನ್ನು ಕಿತ್ತು ಚಕ್ಕಡಿಗೆ ಹೇರಿ ಹೊಸ ಜಾಗಕ್ಕೆ ಸಾಗಿಸಿದ ಗದ್ದಲದಲ್ಲಿ ಹಬ್ಬ ಎಲ್ಲಿಂದ ಬರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರನೆಯ ವರ್ಷ ಆ ಸಮಾಧಾನವೂ ಕೈಗೆ ಸಿಗಲಿಲ್ಲ. ಅಪ್ಪ ಅವ್ವ ಮುನವಳ್ಳಿ ಕಡೆಯ ಹೊಸ ಜಾಗದಲ್ಲಿ ನೆಲೆ ನಿಂತು ವರ್ಷದ ಮೇಲಾಗಿತ್ತು. ಹತ್ತಿ ಪೇಟೆಗೆ ಬಂದವರು ಸುದ್ದಿ ತರುತ್ತಿದ್ದರು.

“ನಿಮ್ಮಪ್ಪಾರು ಆರಾಮ ಅದಾರವಾ. ಕಾಲನ್ಯಾಗ ಅದಾರ.”

“ಏನರ ಹೇಳಿ ಕಳಿಸ್ಯಾರೇನ್ರಿ?”

“ಏನಿಲ್ಲವಾ. ಆರಾಮ ಅದಾರ ಅಂತ ಹೇಳಂದ್ರು.”

ಕರೆಯದ ತವರಿಗೆ ಹೆಣ್ಣುಮಗಳು ಕಾಲಿಡಬಾರದು. ನಮ್ಮ ಕಡೆ ಇದನ್ನು ಯಾರೂ ಕಲಿಸುವುದಿಲ್ಲ, ಉಸಿರಾಡುವುದನ್ನು ಕಲಿಸಿದಂತಾದೀತು. ತವರಿನಿಂದ ಕರೆ ಬರಬೇಕು, ತವರಿನ ಗಂಡಸೊಬ್ಬ ಬಂದು ಕಟ್ಟೆಯ ಮೇಲೆ ಕೂರಬೇಕು. ಹಾಗೆ ಯಾರೂ ಬಾರದವಳು ಸತ್ತ ತವರಿನವಳು ಎಂದು ಲೆಕ್ಕ. ನನ್ನ ಅಪ್ಪ, ಅವ್ವ, ಅಣ್ಣ ಮೂವರೂ ಬದುಕಿದ್ದರು, ಬಸ್ಸಿನಲ್ಲಿ ಅರ್ಧ ದಿನದ ಹಾದಿಯಲ್ಲಿದ್ದರು. ಕರೆ ಮಾತ್ರ ಇರಲಿಲ್ಲ.

ಎದುರುಮನೆಯ ಮಗಳೊಬ್ಬಳು ಕಿತ್ತೂರಿನ ಗಂಡನ ಮನೆಯಿಂದ ಹಬ್ಬಕ್ಕೆ ಬಂದಿದ್ದಳು. ಜೋಕಾಲಿ ಜೀಕುತ್ತಲೇ ನನ್ನನ್ನು ಕೂಗಿದಳು.

“ವೈನೀ, ನಿಮ್ಮ ತವರು ಮೀನಿನ ಪಾಲಾತಂತ, ಹೌದೇನ್ರಿ?”

“ಹೌದು ನೋಡವಾ. ಮೀನಿಗೆ ಬಸ್ಸು ಹತ್ತಾಕ ಬರೂದಿಲ್ಲ, ಅದಕ್ಕ ಕರಿಯಾಕ ಬಂದಿಲ್ಲ,” ಅಂದೆ.

ಅವಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಒಳಗೆ ಬಂದು ಒಲೆಯ ಮುಂದೆ ಕೂತು ಎಳ್ಳು ಹುರಿಯಲು ಇಟ್ಟು, ಅದು ಚಟಪಟ ಎನ್ನುವಾಗ ಅತ್ತುಬಿಟ್ಟೆ. ಎಳ್ಳು ಹುರಿಯುವ ಸದ್ದಿನಲ್ಲಿ ಅಳು ಕೇಳುವುದಿಲ್ಲ ಎಂಬುದನ್ನು ನನ್ನ ಅಜ್ಜಿ ಹೇಳಿಕೊಟ್ಟಿದ್ದಳು.

ಮನೆಯಲ್ಲಿ ಕೇಳುವವರೂ ಬಹಳ ಜನ ಇರಲಿಲ್ಲ. ಅತ್ತೆ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ನನ್ನ ಯಜಮಾನರು ರಾಮದುರ್ಗದ ಕಚೇರಿಯೊಂದರಲ್ಲಿ ಕಾರಕೂನರು. ಶನಿವಾರ ಸಂಜೆ ಬಂದರೆ ಸೋಮವಾರ ನಸುಕಿಗೆ ಹೊರಟುಬಿಡುವರು. ಹಬ್ಬದ ಮಾತೆತ್ತಿದಾಗ ಅವರು ಊಟದ ತಟ್ಟೆಯನ್ನೇ ನೋಡುತ್ತ, “ಅವ್ರು ಕರೀಲಿಲ್ಲಂದ್ರ ನಾ ಹೆಂಗ ಕಳಸ್ಲಿ? ನಾಳೆ ನಾಕ ಮಂದಿ ಏನಂದಾರು?” ಎಂದಿದ್ದರು. ಅದರಲ್ಲಿ ಸಿಟ್ಟಿರಲಿಲ್ಲ. ಅವರ ಮಾತು ಸರಿಯೇ ಇತ್ತು. ಸರಿಯಾದ ಮಾತಿನ ಮುಂದೆ ಮನುಷ್ಯ ಇನ್ನಷ್ಟು ಒಂಟಿಯಾಗುತ್ತಾನೆ.

ಉಳಿದವರು ಮಾವನವರು. ಕಿತ್ತೂರಿನ ಹುಟ್ಟು, ಬೈಲಹೊಂಗಲದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ನಾವಿಬ್ಬರೇ. ಅವರು ಪಡಸಾಲೆಯಲ್ಲಿ, ನಾನು ಅಡುಗೆಮನೆಯಲ್ಲಿ, ನಡುವೆ ಒಂದು ಬಾಗಿಲು. ಆ ಬಾಗಿಲಿನ ಮೂಲಕ ಅವರು ನನಗೆ ಮಾತುಗಳನ್ನು ಕೊಡುತ್ತಿದ್ದರು. ಇಂಗ್ಲಿಷ್ ಪದವೊಂದು ಎಲ್ಲಿ ಹುಟ್ಟಿತು, ಯಾವ ಯಾವ ದೇಶ ತಿರುಗಿ ನಮ್ಮ ಬಾಯಿಗೆ ಬಂತು ಎಂಬುದನ್ನು ಬೀಗರ ಮನೆತನದ ವಿಚಾರದಂತೆ ಹೇಳುವರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೇ ಓದು ಮುಗಿಸಿದ್ದ ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಅವ್ವನಿಂದ ಗಾದೆ, ಅಜ್ಜಿಯಿಂದ ಒಗಟು, ಮಾವನವರಿಂದ ಪದಗಳ ಕುಲಗೋತ್ರ: ನನ್ನ ಮಾತೆಲ್ಲ ಹೀಗೆ ಹಿರಿಯರ ಕೈಯಿಂದ ಬಂದದ್ದೇ.

ಆ ದಿನ ಪೇಟೆಯಿಂದ ಮತ್ತೆ ಯಾರೋ ಬಂದು “ಕಾಲನ್ಯಾಗ ಆರಾಮ ಅದಾರ” ಎಂದು ಹೇಳಿ ಹೋದ ಮೇಲೆ, ಬಾಗಿಲಲ್ಲೇ ನಿಂತು ಮಾವನವರನ್ನು ಕೇಳಿದೆ.

“ಮಾವಾರ, ಕಾಲನಿ ಅಂದ್ರ ಏನ್ರಿ?”

ಹಾಗೆ ಕೇಳಲು ಕಾರಣವಿತ್ತು. ಬೈಲಹೊಂಗಲದಲ್ಲಿ ಕಾಲನಿ ಎಂದರೆ ಮರ್ಯಾದೆಯ ಮಾತು. ಪೇಟೆಯ ಹೊರಗೆ ನೌಕರರು ಕಟ್ಟಿಸಿಕೊಂಡ ಹೊಸ ಮನೆಗಳು, ಮುಂದೆ ಗೇಟು, ಗೇಟಿಗೆ ಬಣ್ಣ. ಆಣೆಕಟ್ಟಿನ ಕಡೆ ಕಾಲನಿ ಎಂದರೆ ಇಂಜಿನಿಯರುಗಳಿಗೂ ಕೆಲಸದವರಿಗೂ ಕಟ್ಟಿದ ಸಾಲು. ಕೆಲಸ ಮುಗಿದರೆ ಖಾಲಿಯಾಗುವಂಥದ್ದು. ಊರುಗಳ ಅಂಚಿನಲ್ಲಿ ಸರಕಾರ ಬಡವರಿಗೆಂದು ಕಟ್ಟಿಸಿದ ಸಣ್ಣ ಮನೆಗಳಿಗೆ ಜನತಾ ಕಾಲನಿ. ಅದನ್ನು ಹೇಳುವಾಗ ಕೆಲವರು ಧ್ವನಿ ತಗ್ಗಿಸುತ್ತಿದ್ದರು, ಅಲ್ಲಿಯವರ ಜೊತೆ ಹೊಲದಲ್ಲಿ ದಿನವಿಡೀ ದುಡಿದು ಬಂದವರೂ ತಗ್ಗಿಸುತ್ತಿದ್ದರು. ಹೀಗೆ ಒಂದೇ ಪದ ಗೇಟಿನ ಮನೆಗೂ ಒಪ್ಪುತ್ತಿತ್ತು, ತಗಡಿನ ಮನೆಗೂ ಒಪ್ಪುತ್ತಿತ್ತು. ನನ್ನ ಅಪ್ಪ ಅವ್ವ ಯಾವುದರೊಳಗೆ ಇದ್ದಾರೆ ಎಂದು ನನಗೆ ತಿಳಿಯಬೇಕಿತ್ತು.

ಮಾವನವರು ಚಾಳೀಸನ್ನು ಮೂಗಿಗೆ ಏರಿಸಿ ದಪ್ಪ ಡಿಕ್ಷನರಿ ತೆಗೆದರು. ತೆಗೆಯುವ ಅವಶ್ಯಕತೆ ಇರಲಿಲ್ಲ, ಆ ಪದ ಅವರಿಗೆ ಹಳೆಯ ಗೆಣೆಕಾರ.

“ನಾ ಇದನ್ನ ಮೊದಲ ಕೇಳಿದ್ದು ಕಿತ್ತೂರ ಸಾಲ್ಯಾಗ, ತಂಗಿ. ಆಗ ಇಂಗ್ಲಿಷರ ರಾಜ್ಯ. ಕಿಟಕ್ಯಾಗಿಂದ ನೋಡಿದ್ರ ಮುರದ ಬಿದ್ದ ಕ್ವಾಟಿ ಗ್ವಾಡಿ ಕಾಣತಿತ್ತು. ನಮ್ಮ ಮಾಸ್ತರು ಧ್ವನಿ ಸಣ್ಣದು ಮಾಡಿ, ‘ನಮ್ಮ ದೇಶ ಅವರ ಕಾಲನಿ’ ಅಂದ್ರು. ಕಾಲನಿ ಅಂದ್ರ ಕಾಲಾಗ ಬಿದ್ದಾವ್ರು ಅಂತ ನಾ ತಿಳಕೊಂಡು, ಭಾಳ ದಿನ ನಾಚಿಕಿಯಿಂದ ಇದ್ದೆ.”

“ಹಂಗಲ್ಲೇನ್ರಿ?”

“ಅಲ್ಲ. ದೊಡ್ಡಾಂವ ಆದಮ್ಯಾಗ ಹುಡುಕಿ ನೋಡಿದೆ.”

ಆ ಪದ ಲ್ಯಾಟಿನ್ನಿನದು, ರೋಮ್ ಪಟ್ಟಣದವರ ಮಾತು ಎಂದರು. ಅವರಲ್ಲಿ ಕೊಲೊನಸ್ ಎಂದರೆ ನೆಲ ಉಳುವವನು. ಉಳುವವನು ಹೋಗಿ ನೆಲೆ ನಿಂತ ಜಾಗ ಕೊಲೋನಿಯ. ದಂಡಿನಲ್ಲಿ ದುಡಿದು ಮುದುಕರಾದ ಸಿಪಾಯಿಗಳಿಗೆ ಗೆದ್ದ ಸೀಮೆಯಲ್ಲಿ ಹೊಲ ಕೊಟ್ಟು ಊರು ಮಾಡಿಕೊಡುತ್ತಿದ್ದರಂತೆ. ಗೆದ್ದ ಸೀಮೆ ಎಂದರೆ ಇನ್ನೊಬ್ಬರಿಂದ ಕಸಿದದ್ದು ಎಂದೂ ಸೇರಿಸಿದರು. ಆ ಕಸಿಯುವ ಗುಣವೇ ಬೆಳೆದು ಮುಂದೆ ಇಂಗ್ಲಿಷರ ಕಾಲಕ್ಕೆ ಪದದ ಹೆಸರು ಕೆಟ್ಟಿತು. ನಮ್ಮ ಪುಸ್ತಕಗಳಲ್ಲಿ ಅದಕ್ಕೇ ವಸಾಹತು ಎಂದು ಬರೆದು, ನೆಲೆ ನಿಲ್ಲುವುದಕ್ಕೂ ಆಳಿಸಿಕೊಳ್ಳುವುದಕ್ಕೂ ಒಂದೇ ಹೆಸರು ಇಟ್ಟುಕೊಂಡೆವು.

“ಆದ್ರ ಬೇರು ಚಲೋ ಐತಿ ನೋಡು. ಕೊಲೆರೆ ಅಂತ ಒಂದು ಕ್ರಿಯಾಪದ. ಅದಕ್ಕ ಉಳೂದು ಅಂತನೂ ಅರ್ಥ, ಒಂದ ಕಡೆ ಇರೂದು ಅಂತನೂ ಅರ್ಥ, ದೇವರಿಗೆ ನಡಕೊಳ್ಳೂದು ಅಂತನೂ ಅರ್ಥ. ಉಳತಾನ, ಅಲ್ಲೇ ಇರತಾನ, ಅಲ್ಲಿ ದೇವರಿಗೆ ದೀಪಾ ಹಚ್ಚತಾನ. ಅವರಿಗೆ ಇವು ಮೂರೂ ಒಂದ ಕೆಲಸ. ನಮ್ಮಾಗೂ ನೋಡು, ಊರು ಅಂತೇವಿ. ಬೀಜಾ ಊರು ಅಂತನೂ ಅಂತೇವಿ. ಇವೆರಡಕ್ಕ ಸಂಬಂಧ ಐತೋ ಇಲ್ಲೋ ಪಂಡಿತರನ್ನ ಕೇಳಬೇಕು. ನನಗಂತೂ ಇರ್ಲಿ ಅನಸ್ತೈತಿ.”

ಆಮೇಲೆ ಎದ್ದು ಗೋಡೆಯ ಕಪಾಟಿನಿಂದ ಒಂದು ಸಣ್ಣ ಬಾಟಲಿ ತಂದರು. ತಳದಲ್ಲಿ ಬೆರಳಿನಷ್ಟು ನೀರಿತ್ತು. ಅತ್ತೆಯವರ ಕೊನೆಯ ಜ್ವರದಲ್ಲಿ ಅರಿವೆಗೆ ಹಾಕಿ ಹಣೆಗೆ ಒತ್ತುತ್ತಿದ್ದ ಕೊಲೋನ್ ನೀರು. ಜರ್ಮನಿಯಲ್ಲಿ ಹೊಳೆಯ ದಂಡೆಗೆ ಒಂದು ಪಟ್ಟಣವಿದೆ, ರೋಮಿನವರು ಅಲ್ಲೊಂದು ಕಾಲನಿ ಮಾಡಿ ರಾಣಿಯ ಹೆಸರು ಸೇರಿಸಿ ಉದ್ದನೆಯ ಹೆಸರಿಟ್ಟಿದ್ದರು, ಜನ ರಾಣಿಯನ್ನು ಮರೆತು ಕಾಲನಿ ಎಂಬುದನ್ನಷ್ಟೇ ಉಳಿಸಿಕೊಂಡರು, ಆ ಊರಿನ ಹೆಸರೇ ಈ ನೀರಿಗೂ ಬಂತು ಎಂದು ವಿವರಿಸಿದರು.

“ಎರಡು ಸಾವಿರ ವರ್ಷದಿಂದ ಅವರು ಕಾಲನ್ಯಾಗ ಅದಾರ. ಆರಾಮ ಅದಾರ,” ಅಂದರು.

ಪೇಟೆಯವನ ಧಾಟಿಯಲ್ಲೇ ಹೇಳಿದ್ದರಿಂದ ನಗು ಬಂತು. ನಗು ಮುಗಿಯುವ ಮೊದಲೇ ಬಾಯಿಂದ ಬಿದ್ದುಹೋಯಿತು: “ಆರಾಮ ಇದ್ರ ನನ್ನ ಯಾಕ ಕರೀಲಿಲ್ಲ, ಮಾವಾರ?”

ಅವರು ಡಿಕ್ಷನರಿ ಮುಚ್ಚಿದರು. ಬಾಟಲಿಯ ಬಿರಡೆ ಬಿಗಿ ಮಾಡಿ ಮತ್ತೆ ಕಪಾಟಿನಲ್ಲಿ ಇಟ್ಟರು.

ರೊಟ್ಟಿ ಪಂಚಮಿಯ ದಿನ, ಎಂದರೆ ಹಾಲೆರೆಯುವ ಪಂಚಮಿಯ ಹಿಂದಿನ ದಿನ ನಸುಕಿನಲ್ಲಿ ಮಾವನವರು ಧೋತರ ಉಟ್ಟು, ಟೊಪಿಗೆ ಹಾಕಿಕೊಂಡು ನಿಂತಿದ್ದರು.

“ಸೀರಿ ಉಟಗೊಂಡು ತಯಾರಾಗು. ಸವದತ್ತಿ ಎಲ್ಲಮ್ಮಗ ಹೋಗಿ ಬರೂಣು.”

ನನಗೆ ಗೊತ್ತಿದ್ದಂತೆ ಮಾವನವರು ಗುಡಿಯ ಕಡೆ ಹೊರಳಿ ನೋಡಿದವರಲ್ಲ. ಗುಡ್ಡ ಹತ್ತುವ ಮೊಣಕಾಲೂ ಅವರದಲ್ಲ. ನಾನು ಹಬ್ಬಕ್ಕೆ ಮಾಡಿದ ಉಂಡಿಯ ಡಬ್ಬಿ ಚೀಲಕ್ಕೆ ಹಾಕಿದೆ. ಡಬ್ಬಿ ನೋಡಿದರು, ನೋಡದವರಂತೆ ಛತ್ರಿ ತೆಗೆದುಕೊಂಡರು. ದೇವರಿಗೆ ಹೋಗುವವರು ಶೇಂಗಾ ಉಂಡಿ ಒಯ್ಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಗುಡ್ಡದ ಬಸ್ಸು ನಿಂತೇ ಇತ್ತು. ಅದರ ಆಚೆ ಮುನವಳ್ಳಿಯ ಬಸ್ಸು. ಮಾವನವರು ಎರಡನ್ನೂ ಪರೀಕ್ಷೆಯ ಉತ್ತರಪತ್ರಿಕೆ ನೋಡಿದಂತೆ ನೋಡಿದರು.

“ಗುಡ್ಡದ ಬಸ್ಸು ತುಂಬೇತಿ. ಮುನವಳ್ಳಿ ಬಸ್ಸು ಖಾಲಿ ಐತಿ. ಮೊಣಕಾಲು ನೋಯಾವ್ರು ಖಾಲಿ ಬಸ್ಸು ಹತ್ತಬೇಕು.”

“ದೇವಿ ಸಿಟ್ಟಾದ್ರ, ಮಾವಾರ?”

“ಆಕೀನೂ ಹೆಣ್ಣಮಗಳ ಅದಾಳ. ತಿಳಕೋತಾಳ.”

ಆಣೆಕಟ್ಟಿನ ಹತ್ತಿರ ಬಸ್ಸು ಹೊರಳುವಾಗ ಕಿಟಕಿಯಿಂದ ನೀರು ಕಂಡಿತು. ಮೋಡದ ಬಣ್ಣದ ನೀರು, ಕಣ್ಣು ಹೋದಷ್ಟು ದೂರ. ನಮ್ಮ ಊರು ಯಾವ ಕಡೆಗಿದ್ದಿತು ಎಂದು ಗುರುತು ಹಿಡಿಯಲು ನೋಡಿದೆ. ಗುರುತು ಹಿಡಿಯುವುದಕ್ಕೆ ಒಂದು ಮರವಾದರೂ ಬೇಕು, ಒಂದು ಗುಡಿಯ ಶಿಖರವಾದರೂ ಬೇಕು. ಗಾಳಿಗೆ ಅಲೆ ಏಳುತ್ತಿತ್ತು ಅಷ್ಟೆ. ಹುಟ್ಟಿದ ಮನೆಯ ಮೇಲೆ ಅಲೆ ಏಳುವುದನ್ನು ನೋಡುವುದು ಹೇಗಿರುತ್ತದೆ ಎಂದು ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಮಾವನವರು ಆ ಕಡೆ ನೋಡದೆ ಟಿಕೀಟನ್ನು ಮಡಚುತ್ತ, ಬಿಚ್ಚುತ್ತ ಇದ್ದರು.

ಕಾಲನಿ ರಸ್ತೆಯ ಬದಿಗೇ ಇತ್ತು. ಇಳಿದು ನಿಂತರೆ ಈ ತುದಿಯಿಂದ ಆ ತುದಿ ಕಾಣುತ್ತದೆ. ಸ್ಕೇಲು ಹಿಡಿದು ಗೆರೆ ಎಳೆದಂಥ ದಾರಿಗಳು, ದಾರಿಯ ಎರಡೂ ಕಡೆ ಒಂದೇ ಎತ್ತರದ, ಒಂದೇ ಮೋರೆಯ ಮನೆಗಳು. ನಮ್ಮ ಊರಿನಲ್ಲಿ ಒಂದು ಮನೆ ಇನ್ನೊಂದರ ಹೆಗಲ ಮೇಲೆ ಒರಗಿರುತ್ತಿತ್ತು, ದಾರಿ ಅಂಥ ಮನೆಗಳಿಗೆ ಹೆದರಿ ಸುತ್ತಿ ಬಳಸಿ ಹೋಗುತ್ತಿತ್ತು. ಇಲ್ಲಿ ಎಲ್ಲವೂ ಸಾಲೆಯ ಕವಾಯತಿಗೆ ನಿಂತ ಹಾಗೆ. ಮರಗಳೆಂದರೆ ಮುಳ್ಳಿನ ಬೇಲಿಯೊಳಗೆ ಸೊಂಟದೆತ್ತರದ ಬೇವಿನ ಸಸಿಗಳು.

ಅಪ್ಪ ಮನೆಯ ಮುಂದೆ ಹಗ್ಗ ಹೊಸೆಯುತ್ತ ಕೂತಿದ್ದ. ನಮ್ಮನ್ನು ಕಂಡು ಎದ್ದವನು ಹಗ್ಗದ ತುದಿ ಕಾಲಬೆರಳಿಗೆ ಸಿಕ್ಕಿಕೊಂಡದ್ದನ್ನು ಮರೆತು ಮುಗ್ಗರಿಸಿದ.

“ಬರ್ರಿ ಮಾಸ್ತರ, ಬರ್ರಿ. ಇದೇನ್ರಿ, ಹಿಂಗ ಅಕಸ್ಮಾತ?”

“ಎಲ್ಲಮ್ಮಗ ಹೊಂಟಿದ್ವಿ. ಬಸ್ಸು ತಪ್ಪಿ ಇಲ್ಲಿ ತಂದು ಇಳಿಸಿ ಹೋತು.”

“ಎಲ್ಲಮ್ಮನ ಬಸ್ಸು ಇಲ್ಲೀತನಕ ತಪ್ಪಿ ಬಂದದ್ದು ನಾ ಕಂಡಿಲ್ಲ,” ಅಂದ ಅಪ್ಪ. ನನ್ನ ಕಡೆ ಅವನು ನೋಡಲಿಲ್ಲ.

ಅವ್ವ ಹೊರಗೆ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಆ ಚೌಕಟ್ಟು ನಮ್ಮ ಹಳೆಯ ಮನೆಯದು; ಹೊಸ ಗೋಡೆಗೆ ದೊಡ್ಡದಾಗಿ, ಗೋಡೆ ಒಡೆದು ಕೂರಿಸಿ ಸುತ್ತ ಮಣ್ಣು ಮೆತ್ತಿದ್ದರು. ನಾನು ಕಾಲು ಮುಟ್ಟಿದೆ. ತಲೆಯ ಮೇಲೆ ಕೈಯಿಟ್ಟಳು, ಇಟ್ಟ ಕೈ ತೆಗೆಯಲಿಲ್ಲ. ಅಣ್ಣ ಹೊಲಕ್ಕೆ ಹೋಗಿದ್ದನಂತೆ.

ನೀರು ಕುಡಿದಾದ ಮೇಲೆ ಮಾವನವರು ಹೊರಸಿನ ಮೇಲೆ ಕೂತು, ಅಪ್ಪನಿಗೂ ಕಾಲನಿಯ ಪುರಾಣ ತೆಗೆದರು. ರೋಮ್ ಆಯಿತು, ಮುದಿ ಸಿಪಾಯಿಗಳಾದರು, ಉಳುವುದು, ಇರುವುದು, ದೇವರಿಗೆ ನಡೆದುಕೊಳ್ಳುವುದು ಎಲ್ಲ ಆಯಿತು. ಸಂಕೋಚವಾದಾಗ ಅವರಿಗೆ ಪಾಠ ಮಾಡುವುದೊಂದೇ ದಾರಿ. ಅಪ್ಪ ತಲೆ ತಗ್ಗಿಸಿ ಹಗ್ಗ ಹೊಸೆಯುತ್ತ ಪೂರ್ತಿ ಕೇಳಿದ.

“ಚಲೋ ಮಾತು, ಮಾಸ್ತರ. ಆದ್ರ ಅವ್ರಿಗೆ ಮೂರೂ ಒಂದ ಕಡೆ ಕೊಟ್ಟಿದ್ರಲ್ಲ. ನಮಗ ಹೊಲ ಕೊಟ್ಟದ್ದು ಅತ್ತಾಗ, ಎರಡು ಹಳ್ಳ ದಾಟಿ ಹೋಗಬೇಕು. ಮನಿ ಇಲ್ಲೆ. ಹನುಮಪ್ಪಗ ಇನ್ನೂ ಗುಡಿ ಆಗಿಲ್ಲ, ಎತ್ತಿ ತಂದು ಸಾಲಿ ಪಡಸಾಲ್ಯಾಗ ಇಟ್ಟೇವಿ. ಹುಡುಗೂರ ಜೋಡಿ ಮಗ್ಗಿ ಕಲಿಯಾಕ ಹತ್ಯಾನ.”

ಮಾವನವರು ನಗಲು ಹೋಗಿ ನಿಲ್ಲಿಸಿದರು. “ಖರೆ,” ಅಂದರು.

“ಹನುಮಪ್ಪ ಕುಂಡರಲಾರದ ನೆಲ ಊರ ಅಲ್ಲ. ಊರ ಅಲ್ಲದ ನೆಲಕ್ಕ ಹೆಣ್ಣಮಗಳನ್ನ ಯಾವ ಮಾರಿ ಇಟಗೊಂಡು ಕರೀಬೇಕು? ಜೋಕಾಲಿ ಕಟ್ಟಾಕ ಗಿಡ ಇಲ್ಲ. ಹಾಲೆರಿಯಾಕ ಹುತ್ತ ಇಲ್ಲ. ಎಲ್ಲಾ ಆಗಲಿ, ಆಮ್ಯಾಗ ಕರಿಯೂಣು ಅಂತ...” ಮಾತು ಮಾವನವರಿಗೆ ಹೇಳುತ್ತಿದ್ದ, ಆದರೆ ಅದು ಯಾರಿಗೆ ಎಂದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು.

“ಯಪ್ಪಾ, ನಾ ಜೋಕಾಲಿ ಸಲುವಾಗಿ ಬರತಿದ್ನೇನು?” ಅಂದೆ.

ಅಪ್ಪನ ಕೈ ನಿಂತಿತು. “ನಿನಗೇನು ಗೊತ್ತಾಗತೈತಿ. ನೀ ಸುಮ್ನಿರು,” ಅಂದ. ಬೈದದ್ದಲ್ಲ. ಅಷ್ಟು ತಿಂಗಳ ಮೇಲೆ ಅಪ್ಪ ನನಗೆಂದು ಆಡಿದ ಮೊದಲ ಮಾತು ಅದು. ನಾನು ಸುಮ್ಮನೆ ಒಳಗೆ ಹೋದೆ.

ಒಳಗೆ ಬುಟ್ಟಿಯ ತುಂಬ ರೊಟ್ಟಿ. ಜೋಳದ್ದು, ಸಜ್ಜೆಯದು, ಎಳ್ಳು ಹಚ್ಚಿದ್ದು. ಪಕ್ಕದಲ್ಲಿ ಮಡಕೆ ಕಾಳಿನ ಪಲ್ಯ, ಬದನೆಕಾಯಿ, ಶೇಂಗಾ ಹಿಂಡಿ. ಮೂರು ಜನ ಇರುವ ಮನೆಗೆ ಅದು ತಿಂಗಳೊಪ್ಪತ್ತಿನ ರೊಟ್ಟಿ. ರೊಟ್ಟಿ ಪಂಚಮಿಯ ದಿನ ಓಣಿಯ ಮನೆಮನೆಗೂ ತಟ್ಟೆಯಲ್ಲಿ ರೊಟ್ಟಿ ಪಲ್ಯ ಇಟ್ಟು ಕೊಡುವುದು, ಅವರ ಮನೆಯದನ್ನು ಇಸಿದುಕೊಳ್ಳುವುದು ನಮ್ಮ ಪದ್ಧತಿ. ಅವ್ವ ಹಳೆಯ ಓಣಿಯ ಲೆಕ್ಕದಲ್ಲೇ ಬಡಿದಿದ್ದಳು. ಹೊತ್ತು ನೆತ್ತಿ ದಾಟಿತ್ತು. ಬುಟ್ಟಿಯಿಂದ ಒಂದು ರೊಟ್ಟಿಯೂ ಹೊರಗೆ ಹೋಗಿರಲಿಲ್ಲ.

“ಯಾಕ ಬೇ, ಇನ್ನೂ ಯಾರಿಗೂ ಕೊಟ್ಟಿಲ್ಲ?”

“ಹೆಂಗ ಕೊಡಬೇಕವಾ? ಮೊದಲ ತಾಟು ಗೌಡರ ಮನಿಯಿಂದ ಹೊಂಡಬೇಕು, ಆಮ್ಯಾಗ ಉಳದಾವ್ರದು. ಗೌಡರು ಬೆಳಗಾವಿಗೆ ಹೋಗಿ ಮನಿ ಮಾಡ್ಯಾರ. ಬಾಜೂ ಮನಿಯಾವ್ರು ನಮ್ಮೂರಾವ್ರಲ್ಲ, ಹೊಳಿ ಆಚೀ ಊರಾವ್ರು. ಅವರ ಪದ್ಧತಿ ಏನೋ ಎಂತೋ. ಅವರು ಕೊಟ್ರ ನಾ ಕೊಡತೇನಿ.”

“ಹೋದ ವರ್ಷ?”

“ಹೋದ ವರ್ಷ ಎಮ್ಮಿಗೆ ಹಾಕಿದೆ.”

ಬಾಗಿಲಿಗೆ ಬಂದು ಹೊರಗೆ ನೋಡಿದೆ. ಎದುರಿನ ಸಾಲಿನ ಬಾಗಿಲುಗಳಲ್ಲಿ ಅಲ್ಲೊಬ್ಬಳು ಇಲ್ಲೊಬ್ಬಳು ಹೆಂಗಸು ನಿಂತಿದ್ದಳು. ಎಲ್ಲರ ಕೈಯೂ ಖಾಲಿ. ಆದರೆ ಒಳಗೆ ನೆಲುವಿನ ಕೆಳಗೆ ಬಟ್ಟೆ ಮುಚ್ಚಿದ ಬುಟ್ಟಿಗಳು ದೂರದಿಂದಲೇ ತಿಳಿಯುತ್ತಿದ್ದವು. ಮುಳುಗಿದ ಬೇರೆಬೇರೆ ಊರುಗಳಿಂದ ಬಂದವರು ತಮ್ಮತಮ್ಮ ಊರಿನ ಲೆಕ್ಕಕ್ಕೆ ರೊಟ್ಟಿ ಬಡಿದುಕೊಂಡು, ತಮ್ಮತಮ್ಮ ಊರಿನ ಗೌಡರ ಮನೆಯ ತಾಟಿಗೆ ಕಾಯುತ್ತಿದ್ದರು. ಆ ತಾಟು ಬರುವಂತಿರಲಿಲ್ಲ. ನಾನು ಬೈಲಹೊಂಗಲದ ಕಟ್ಟೆಯ ಮೇಲೆ ಕಾದ ಹಾಗೆಯೇ ಇಡೀ ಕಾಲನಿ ಕಾಯುತ್ತ ನಿಂತಿತ್ತು.

ನನಗೆ ಆಗ ಧೈರ್ಯ ಬಂದದ್ದಲ್ಲ, ಬೇಸರ ಬಂತು. ಕರೆಯದೆ ಬಂದವಳಿಗೆ ಇನ್ನೇನು ಮರ್ಯಾದೆ ಹೋಗುವುದಿತ್ತು. ತಾಟಿನಲ್ಲಿ ರೊಟ್ಟಿ ಇಟ್ಟೆ, ಪಲ್ಯ ಹಿಂಡಿ ಬಡಿಸಿದೆ, ಬೈಲಹೊಂಗಲದಿಂದ ತಂದ ಉಂಡಿ ಎರಡು ಇಟ್ಟೆ. “ಏ, ಬ್ಯಾಡ ಬಾ,” ಎಂದು ಅವ್ವ ಹಿಂದಿನಿಂದ ಕರೆಯುತ್ತಿರುವಂತೆಯೇ ಪಕ್ಕದ ಮನೆಗೆ ನಡೆದೆ.

ಬಾಗಿಲಲ್ಲಿ ಒಬ್ಬ ಮುದುಕಿ ಕೂತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಯಾರವಾ ನೀ? ಗುರುತು ಹತ್ತಲಿಲ್ಲ.”

“ಬಾಜೂ ಮನಿ ಮಗಳರಿ, ಆಯಿ. ಹಬ್ಬಕ್ಕ ಬಂದೇನ್ರಿ.”

“ಮಗಳು?” ಮುದುಕಿ ತಾಟಿನ ಕಡೆ ನೋಡಲೇ ಇಲ್ಲ. “ಕೊಟ್ಟ ಮನಿಯಿಂದ ಬಂದೀ? ಇಲ್ಲಿಗೆ? ಈ ಕಾಲನಿಗೆ?”

“ಹೌದ್ರಿ. ನಮ್ಮ ಮಾವಾರು ಕರಕೊಂಡು ಬಂದ್ರು.”

ಮುದುಕಿ ಒಳಗೆ ತಿರುಗಿ ಮಗನನ್ನು ಕೂಗಿದಳು. ಮೂವತ್ತರ ಗಂಡಸೊಬ್ಬ ಬನಿಯನ್ನಿನಲ್ಲಿ ಬಂದು ನಿಂತ.

“ನೋಡಿಲ್ಲೆ. ಬಾಜೂ ಮನಿ ಹುಡಿಗಿ ಪಂಚಮಿಗೆ ಬಂದಾಳ. ಆಕೀಗಿ ಇಲ್ಲದ ನಾಚಿಕಿ ನಿನಗ್ಯಾಕೋ? ಅಂಗಿ ಹಾಕ್ಕೊ. ಸಂಜೀ ಬಸ್ಸಿಗೆ ಹೋಗಿ 'ಅವ್ವ ಕರದಾಳ' ಅಂತ ಹೇಳಿ ತಂಗೀನ ಕರಕೊಂಡು ಬಾ.”

“ಬೇ, ಹೊತ್ತು ಮುಣುಗತೈತಿ. ಅವರ ಮನಿ ಮುಟ್ಟೂದ್ರಾಗ...”

“ಮುಣುಗಿದ್ದು ಭಾಳ ಆತು. ಇನ್ನ ಹೊತ್ತಿನದೇನು ದೊಡ್ಡ ಮಾತು. ನಡಿ.”

ಅವಳ ಮನೆಯ ಬುಟ್ಟಿಯೂ ತುಂಬಿತ್ತು. ನನ್ನ ತಾಟು ಖಾಲಿ ಮಾಡಿ, ಅದರ ತುಂಬ ತನ್ನ ರೊಟ್ಟಿ ಪೇರಿಸಿ ಕೊಟ್ಟಳು. ಅವರ ರೊಟ್ಟಿ ನಮ್ಮದಕ್ಕಿಂತ ಸಣ್ಣ, ಸ್ವಲ್ಪ ದಪ್ಪ. ನಾನು ಹೊರಗೆ ಬರುವಷ್ಟರಲ್ಲಿ ಎದುರಿನ ಸಾಲಿನಿಂದ ಒಬ್ಬಳು ಬಟ್ಟೆ ಮುಚ್ಚಿದ ತಾಟು ಹಿಡಿದು, ಆ ಕಡೆ ಈ ಕಡೆ ನೋಡುತ್ತ, ದಾರಿಗೆ ಇಳಿದಿದ್ದಳು. ಎಲ್ಲರೂ ಇಳಿದರು ಎಂದು ಹೇಳಲಾರೆ. ಅನೇಕ ಬಾಗಿಲುಗಳು ಹಾಗೆಯೇ ಉಳಿದವು. ಸಂಜೆಗೆ ಒಂದೆರಡು ಮನೆಯ ಎಮ್ಮೆಗಳ ಮುಂದೆ ರೊಟ್ಟಿ ಬಿದ್ದದ್ದನ್ನೂ ಕಂಡೆ. ನಮ್ಮ ಮನೆಯ ಬುಟ್ಟಿಯೂ ಪೂರ್ತಿ ಬರಿದಾಗಲಿಲ್ಲ.

ಮಾವನವರು ಸಂಜೆಯ ಬಸ್ಸಿಗೆ ಹೊರಟರು. ಮರುದಿನ ಶನಿವಾರ, ಮಗ ಬರುತ್ತಾನೆ, ಮನೆಯಲ್ಲಿ ಯಾರಾದರೂ ಇರಬೇಕು ಎಂದರು. ಅಪ್ಪನೂ ನಾನೂ ಅವರೊಡನೆ ರಸ್ತೆಯವರೆಗೆ ಬಂದೆವು. ದೂರದಲ್ಲಿ ಬಸ್ಸಿನ ದೀಪ ಕಂಡಾಗ ಅಪ್ಪ ಗಂಟಲು ಸರಿಮಾಡಿಕೊಂಡ.

“ಮಾಸ್ತರ, ಮಗಳನ್ನ ಹಬ್ಬಕ್ಕ ಕರದೇನಿ. ನಾಕ ದಿನ ಇಟಗೊಂಡು ಕಳಸತೇನಿ.”

ಕರೆದದ್ದು ಬಂದ ಮೇಲೆ. ಆದರೂ ಮಾವನವರು ಈಗಷ್ಟೇ ಕಟ್ಟೆಯ ಮೇಲೆ ಬೀಗರು ಬಂದು ಕೂತ ಹಾಗೆ ಮುಖ ಗಂಭೀರ ಮಾಡಿಕೊಂಡರು.

“ಆಗಲಿ ಬೀಗರ. ನೀವು ಕರದ್ರ ನಾ ಇಲ್ಲ ಅನ್ನಾಕ ಬರತೈತೇನು,” ಎಂದು ಬಸ್ಸು ಹತ್ತಿದರು. ಅವರ ಹಿಂದೆ ಪಕ್ಕದ ಮನೆಯವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದು ಹತ್ತಿದ. ಕಿಟಕಿಯಿಂದ ಮಾವನವರ ಟೊಪಿಗೆ ಸ್ವಲ್ಪ ಹೊತ್ತು ಕಂಡಿತು. ಹೋಗಿ ತಾವೇ ಬೀಗ ತೆಗೆದು ತಾವೇ ದೀಪ ಹಚ್ಚಿಕೊಳ್ಳಬೇಕಾದವರು ಅವರು.

ಅಪ್ಪ ರಸ್ತೆಯ ಬದಿಯ ಗೂಟದಿಂದ ಎಮ್ಮೆ ಬಿಚ್ಚಿಕೊಂಡು ಬರುತ್ತೇನೆಂದು ಹೋದ. ನಾನೊಬ್ಬಳೇ ಹಿಂತಿರುಗಿದೆ. ಸಣ್ಣಗೆ ಮಳೆ ಹನಿಯತೊಡಗಿತ್ತು. ಕತ್ತಲಾಗುತ್ತಿದ್ದಂತೆ ಮನೆಗಳೆಲ್ಲ ಇನ್ನಷ್ಟು ಒಂದೇ ಥರ ಕಂಡವು. ಒಂದೇ ಗೋಡೆ, ಒಂದೇ ಕಿಟಕಿ, ಒಂದೇ ಚಿಮಣಿಯ ಬೆಳಕು. ಒಂದು ಸಾಲು ದಾಟಿದೆ, ಹೊರಳಿದೆ, ಮತ್ತೆ ಅಂಥದೇ ಸಾಲು. ಯಾರನ್ನಾದರೂ ಕೇಳೋಣವೆಂದರೆ ಏನೆಂದು ಕೇಳುವುದು? ನನ್ನ ತವರುಮನೆ ಯಾವುದು ಎಂದೇ? ದಾರಿಯ ನಡುವೆ ನಿಂತುಬಿಟ್ಟೆ.

ಆಗ ಕತ್ತಲಲ್ಲಿ, ನಾನು ನೋಡುತ್ತಿದ್ದ ಕಡೆಯಲ್ಲ, ಬೆನ್ನ ಹಿಂದಿನಿಂದ ಅವ್ವನ ದನಿ ಬಂತು.

“ಯವ್ವಾ, ಅತ್ತಾಗ ಎಲ್ಲಿ ಹೊಂಟಿ? ಇತ್ತ ಬಾ. ಮನಿ ಈ ಕಡೆ ಐತಿ.”